ಕೂದಲಿಗೆ ಹೆದರಿ ಕೀಮೊ ಬಿಡಬೇಡಿ

ಪ್ರಶ್ನೆ: ನನ್ನ ಅಕ್ಕನಿಗೆ 46 ವರ್ಷ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ಕೂದಲು ಉದುರುತ್ತದೆಂದು ಹೆದರಿ ಕೀಮೊ ಬೇಡವೇ ಬೇಡ ಎಂದು ಹಟ ಹಿಡಿದಿದ್ದಾಳೆ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಅಕ್ಕನ ಭಯವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಜಡೆ ಹೆಣೆದು ಮಲ್ಲಿಗೆ ಮುಡಿದು ಬೆಳೆದವರಿಗೆ ಬೋಳುತಲೆ ಎಂದರೆ ಕಾಯಿಲೆಯನ್ನು ಊರಿಗೆಲ್ಲ ಸಾರಿದ ಹಾಗೆ.

ಕೀಮೊ ಔಷಧಗಳು ವೇಗವಾಗಿ ವಿಭಜನೆಯಾಗುವ ಜೀವಕೋಶಗಳ ಮೇಲೆ ಎರಗುತ್ತವೆ. ಕ್ಯಾನ್ಸರ್ ಕೋಶಗಳ ಜೊತೆಗೆ ಕೂದಲಿನ ಬುಡ, ಬಾಯಿಯ ಒಳಪದರ, ಅಸ್ಥಿಮಜ್ಜೆಗೂ ಪೆಟ್ಟು ಬೀಳುತ್ತದೆ. ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಕೊಡುವುದಾದರೆ ಕೂದಲು ಹೋಗುವುದು ಬಹುತೇಕ ಖಚಿತ. ಮೊದಲ ಡೋಸ್ ಆದ 2–3 ವಾರಕ್ಕೆ ದಿಂಬಿನ ಮೇಲೆ, ಬಾಚಣಿಗೆಯಲ್ಲಿ ಹಿಡಿಹಿಡಿಯಾಗಿ ಸಿಗತೊಡಗುತ್ತದೆ. ಮುಂಚೆಯೇ ಗಿಡ್ಡವಾಗಿ ಕತ್ತರಿಸಿಕೊಂಡರೆ ಆ ಸಂಕಟ ಕಡಿಮೆ. ಮೆತ್ತನೆಯ ಹತ್ತಿ ಸ್ಕಾರ್ಫ್ ಸಾಕು. ವಿಗ್ ಬೇಕೆಂದರೆ ಅದನ್ನೂ ಕೊಡಿಸಿ. ಕೀಮೊ ಮುಗಿದ 1–3 ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ, ಮೊದಮೊದಲು ಗುಂಗುರಾಗಿರಬಹುದು.

ಡಾಕ್ಸೊರುಬಿಸಿನ್ ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಔಷಧದ ಬಣ್ಣ. ವಾಂತಿಯ ಮಾತ್ರೆಯನ್ನು ವಾಂತಿ ಶುರುವಾಗುವವರೆಗೆ ಕಾಯದೆ, ಬರೆದುಕೊಟ್ಟ ಹೊತ್ತಿಗೇ ಕೊಡಿ. ಬೆರಳುಗಳು ಜೋಮು ಹಿಡಿದರೆ ವೈದ್ಯರಿಗೆ ತಿಳಿಸಿ.

ನಿಜಕ್ಕೂ ಹೆದರಬೇಕಾದದ್ದು ಜ್ವರಕ್ಕೆ. ಡೋಸ್ ಆದ 7ರಿಂದ 14 ದಿನಗಳ ನಡುವೆ ಬಿಳಿರಕ್ತಕಣಗಳು ತೀರಾ ಇಳಿದಿರುತ್ತವೆ. ಇಂದೇ ಒಂದು ಥರ್ಮಾಮೀಟರ್ ತಂದಿಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಸರಿ, ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಕಾಯದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.