ಕಣ್ಣು ಕಾಣುತ್ತಿರುವಾಗಲೇ ಕರೆತನ್ನಿ: ಸಕ್ಕರೆ ಕಾಯಿಲೆಯವರ ಕಣ್ಣು ನೋಡಿಕೊಳ್ಳುವ ನರ್ಸ್‌ಗೆ ಹಂತ ಹಂತವಾಗಿ

"ದೂರದಲ್ಲಿ ಬರೋ ಬಸ್ಸಿನ ಬೋರ್ಡು ಓದ್ತೀನಿ ಕಣಮ್ಮ, ನನ್ನ ಕಣ್ಣಿಗೇನು ಬಂದೈತೆ?" ಚನ್ನರಾಯಪಟ್ಟಣದಂಥ ತಾಲ್ಲೂಕಿನ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿಗೆ ಹೊಸದಾಗಿ ಬಂದ ನರ್ಸ್‌ಗೆ ಈ ಮಾತು ಬೇಗನೇ ಪರಿಚಯವಾಗುತ್ತದೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಯ, ಅಂದರೆ ರೆಟಿನಾದ, ಸಣ್ಣ ರಕ್ತನಾಳಗಳನ್ನು ವರ್ಷಗಟ್ಟಲೆ ಹಾಳು ಮಾಡುತ್ತಿದ್ದರೂ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಪರದೆಯ ನಟ್ಟನಡುವಿನ ಮ್ಯಾಕುಲಾಕ್ಕೆ ಊತ ಬರುವವರೆಗೆ, ಇಲ್ಲವೇ ಹೊಸದಾಗಿ ಹುಟ್ಟಿದ ದುರ್ಬಲ ನಾಳ ಒಡೆದು ಕಣ್ಣೊಳಗೆ ರಕ್ತ ತುಂಬುವವರೆಗೆ ಬೋರ್ಡು ಚೆನ್ನಾಗಿಯೇ ಕಾಣುತ್ತದೆ. ಮಂಜಾಯಿತೆಂದು ಓಡಿ ಬರುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಹಾಗಾಗಿ ಕಣ್ಣು ಚೆನ್ನಾಗಿರುವವರನ್ನು ಕಣ್ಣಿನ ಪರೀಕ್ಷೆಗೆ ಕೂರಿಸುವುದೇ ಈ ಕೆಲಸದ ತಿರುಳು.

ಬ್ರಿಟನ್ನಿನಲ್ಲಿ ಇದಕ್ಕೆಂದೇ ತರಬೇತಾದ ನರ್ಸ್‌ಗಳಿದ್ದಾರೆ. ನಮ್ಮಲ್ಲಿ ಅದೇ ಕೆಲಸ ಎನ್‌ಸಿಡಿ ಕ್ಲಿನಿಕ್ಕಿನ ಶುಶ್ರೂಷಾಧಿಕಾರಿ, ನೇತ್ರಾಧಿಕಾರಿ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಆಶಾ ಕಾರ್ಯಕರ್ತೆ ಇವರೆಲ್ಲರ ನಡುವೆ ಹಂಚಿಹೋಗಿದೆ. ಹಂಚಿಹೋದದ್ದು ಜಾರಿಹೋಗುವುದೂ ಸುಲಭ. ಇವರಲ್ಲಿ ಯಾರಾದರೂ ಒಬ್ಬರು "ಇದು ನನ್ನದು" ಎಂದು ಹಿಡಿದುಕೊಳ್ಳಬೇಕು. ಆ ಒಬ್ಬರು ನೀವೇ ಆಗಿ.

ಹಂತ 1: ಪಟ್ಟಿ

ಮೊದಲು ಒಂದು ರಿಜಿಸ್ಟರ್ ತೆರೆಯಿರಿ. ಹೆಸರು, ಊರು, ಫೋನ್ ನಂಬರಿನ ಜೊತೆಗೆ ಐದು ಕಾಲಂ ಇರಲಿ: ಶುಗರ್ ಗೊತ್ತಾದ ವರ್ಷ, ಕೊನೆಯ ರೆಟಿನಾ ಪರೀಕ್ಷೆಯ ದಿನಾಂಕ, ಆಗ ಬಂದ ಫಲಿತಾಂಶ, ಎಲ್ಲಿಗೆ ಕಳಿಸಿದ್ದೇವೆ, ಹೋಗಿ ತೋರಿಸಿದರೇ? ಆ ಕೊನೆಯ ಕಾಲಂ ಬಹಳ ಕಡೆ ಇರುವುದೇ ಇಲ್ಲ. ನನ್ನ ಮಟ್ಟಿಗೆ ಅದಿಲ್ಲದ ರಿಜಿಸ್ಟರ್ ಅರ್ಧ ರಿಜಿಸ್ಟರ್.

ಯಾರ ಹೆಸರು ಬರೆಯಬೇಕು? ಟೈಪ್ 2 ಇರುವ ಎಲ್ಲರದ್ದು, ಕಾಯಿಲೆ ಗೊತ್ತಾದ ದಿನದಿಂದಲೇ. ಅದು ಪತ್ತೆಯಾಗುವ ಮೊದಲೇ ಕೆಲವು ವರ್ಷ ಒಳಗೊಳಗೇ ಇದ್ದಿರಬಹುದು, ಆದ್ದರಿಂದ "ಈಗ ತಾನೇ ಬಂದಿದೆ" ಎಂದು ಮುಂದೂಡುವಂತಿಲ್ಲ. ಟೈಪ್ 1 ಮಕ್ಕಳಿಗೆ ಕಾಯಿಲೆ ಬಂದು ಐದು ವರ್ಷದೊಳಗೆ ಮೊದಲ ಪರೀಕ್ಷೆ ಆಗಿರಬೇಕು. ಆಮೇಲೆ ಇಬ್ಬರಿಗೂ ವರ್ಷಕ್ಕೊಮ್ಮೆ. ಮೊದಲೇ ಸಕ್ಕರೆ ಕಾಯಿಲೆಯಿದ್ದು ಗರ್ಭಿಣಿಯಾದವರನ್ನು ಮೊದಲ ಮೂರು ತಿಂಗಳಲ್ಲೇ ಕಳಿಸಿ, ಗರ್ಭಾವಸ್ಥೆಯಲ್ಲಿ ರೆಟಿನಾದ ತೊಂದರೆ ಬೇಗ ಬೆಳೆಯಬಹುದು. ಗರ್ಭ ನಿಂತ ಮೇಲಷ್ಟೇ ಶುಗರ್ ಬಂದವರಿಗೆ ಈ ಅವಸರವಿಲ್ಲ.

2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಲ್ಲೇ ಬಿಪಿ, ಶುಗರ್ ನೋಡುತ್ತಾರೆ. ಅಲ್ಲಿ ಹೊಸದಾಗಿ ಸಿಕ್ಕವರ ಹೆಸರನ್ನು ಆಶಾ ಕಾರ್ಯಕರ್ತೆಯರಿಂದ ಕೇಳಿ ತರಿಸಿಕೊಳ್ಳಿ.

ಹಂತ 2: ಮಾತು

ಅತಿ ಹೆಚ್ಚು ಹೊತ್ತು ಇಲ್ಲಿ ಕೊಡಿ. ನುಗ್ಗೇಹಳ್ಳಿಯಿಂದಲೋ ಹಿರೀಸಾವೆಯಿಂದಲೋ ಬಸ್ಸು ಹತ್ತಿ ಬಂದವರಿಗೆ ಬಿಪಿ ನೋಡಿಸಿ, ಮಾತ್ರೆ ತೆಗೆದುಕೊಂಡು ಮಧ್ಯಾಹ್ನದೊಳಗೆ ಊರು ಸೇರುವ ಆತುರ. ತೋಟಕ್ಕೆ ನೀರು ಬಿಡಬೇಕು, ಸಂಜೆ ಡೇರಿಗೆ ಹಾಲು ಹಾಕಬೇಕು. ಇಂಥವರಿಗೆ "ಕಣ್ಣು ಹೋಗುತ್ತೆ" ಎಂದು ಹೆದರಿಸಿದರೆ ಮುಂದಿನ ತಿಂಗಳು ಮಾತ್ರೆಗೂ ಬರುವುದಿಲ್ಲ.

ಮೊದಲು ಕೇಳಿ, "ಕಣ್ಣು ಯಾವಾಗ ತೋರಿಸಿದ್ರಿ?" ಹೆಚ್ಚಿನವರು "ಕ್ಯಾಂಪಲ್ಲಿ ತೋರಿಸಿದ್ದೆ, ಪೊರೆ ಇಲ್ಲ ಅಂದ್ರು" ಎನ್ನುತ್ತಾರೆ. ಇಲ್ಲಿ ಮೋಸಹೋಗಬೇಡಿ. ಕಣ್ಣಿನ ಕ್ಯಾಂಪುಗಳಲ್ಲಿ ಮುಖ್ಯವಾಗಿ ಹುಡುಕುವುದು ಪೊರೆಯನ್ನು, ಕನ್ನಡಕದಂಗಡಿಯಲ್ಲಿ ನೋಡುವುದು ನಂಬರನ್ನು. ಎರಡೂ ರೆಟಿನಾ ಪರೀಕ್ಷೆಯಲ್ಲ. ಹಾಗಾಗಿ ಮತ್ತೊಂದು ಪ್ರಶ್ನೆ: "ಹನಿ ಹಾಕಿ, ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಿಸಿ, ಆಮೇಲೆ ಜೋರು ಲೈಟ್ ಬಿಟ್ಟು ಒಳಗಿನ ನರ ನೋಡಿದ್ರಾ? ಶುಗರ್‌ನಿಂದ ಏನಾದ್ರೂ ಆಗಿದೆಯಾ ಅಂತ ಹೇಳಿದ್ರಾ?" ಇಲ್ಲವೆಂದರೆ, ಪರೀಕ್ಷೆ ಆಗಿಲ್ಲ ಎಂದೇ ಬರೆದುಕೊಳ್ಳಿ.

ಆಮೇಲೆ ಎರಡು ಚಿತ್ರ ತೋರಿಸಿ: ಆರೋಗ್ಯವಾಗಿರುವ ರೆಟಿನಾದ್ದೊಂದು, ರಕ್ತದ ಚುಕ್ಕೆಗಳೂ ಹಳದಿ ಕಲೆಗಳೂ ಇರುವುದೊಂದು. "ಈ ಎರಡನೇ ಕಣ್ಣಿನವರಿಗೂ ಬಸ್ಸಿನ ಬೋರ್ಡು ಕಾಣ್ತಿರಬಹುದು" ಎಂದರೆ ಸಾಕು. ಎಷ್ಟೋ ಉಪನ್ಯಾಸ ಮಾಡದ ಕೆಲಸವನ್ನು ಆ ಚಿತ್ರ ಮಾಡುತ್ತದೆ. ಸಕ್ಕರೆ ಕಾಯಿಲೆಯವರೆಲ್ಲ ಕುರುಡರಾಗುತ್ತಾರೆ ಎಂಬ ಭಯವನ್ನೂ ತೆಗೆದುಹಾಕಿ. 2022ರಲ್ಲಿ ಪ್ರಕಟವಾದ, ದೇಶದ ಹಲವು ರಾಜ್ಯಗಳಲ್ಲಿ ನಡೆದ ಸ್ಮಾರ್ಟ್ ಇಂಡಿಯಾ ಸಮೀಕ್ಷೆಯಲ್ಲಿ 40 ದಾಟಿದ ಮಧುಮೇಹಿಗಳಲ್ಲಿ ಸುಮಾರು ಶೇ. 12.5 ಮಂದಿಗೆ ರೆಟಿನೋಪತಿ (ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕೆ ಆಗುವ ಹಾನಿ), ಸುಮಾರು ಶೇ. 4 ಮಂದಿಗೆ ದೃಷ್ಟಿಗೇ ಅಪಾಯ ತರುವ ಹಂತ ಕಂಡುಬಂತು. ಬಹುಪಾಲು ಜನರಿಗೆ "ಏನೂ ಇಲ್ಲ, ಮುಂದಿನ ವರ್ಷ ಬನ್ನಿ" ಎಂಬ ಒಳ್ಳೆಯ ಸುದ್ದಿಯೇ ಸಿಗುತ್ತದೆ. ಅದನ್ನು ಮೊದಲೇ ಹೇಳಿ.

ಹಂತ 3: ದೃಷ್ಟಿ ಅಳತೆ

ಚಾರ್ಟ್ ಆರು ಮೀಟರ್ ದೂರದಲ್ಲಿರಬೇಕು (ಮೂರು ಮೀಟರಿನ ಚಾರ್ಟ್ ಆದರೆ ಮೂರು). ಟೇಪು ಹಿಡಿದು ಅಳೆದು, ಕೂರುವ ಜಾಗಕ್ಕೆ ನೆಲದ ಮೇಲೆ ಬಣ್ಣದ ಗೆರೆ ಹಾಕಿಬಿಡಿ. ಓದು ಬಾರದವರಿಗೆ "ಇ" ಆಕಾರ ತಿರುಗಿಸಿ ಬರೆದ ಚಾರ್ಟ್ ಇದೆ, ಬೆರಳಿನಲ್ಲಿ ದಿಕ್ಕು ತೋರಿಸಿದರಾಯಿತು. ದೂರದ ಕನ್ನಡಕವಿದ್ದರೆ ಹಾಕಿಸಿಯೇ ನೋಡಿ. ಒಂದೊಂದೇ ಕಣ್ಣು. ಮುಚ್ಚುವ ಕಣ್ಣನ್ನು ಅಂಗೈ ಬಟ್ಟಲು ಮಾಡಿ ಮುಚ್ಚಿಸಿ. ಬೆರಳಿನಿಂದ ಒತ್ತಿಕೊಂಡರೆ ಆ ಕಣ್ಣು ಆಮೇಲೆ ಮಂಜಾಗುತ್ತದೆ, ಬೆರಳ ಸಂದಿಯಿಂದ ಇಣುಕುವವರೂ ಇದ್ದಾರೆ.

6/12ಕ್ಕಿಂತ ಕಡಿಮೆ ಬಂದರೆ ಪಿನ್‌ಹೋಲ್ ಹಿಡಿಯಿರಿ. ಸಣ್ಣ ತೂತಿನಲ್ಲಿ ನೋಡಿದಾಗ ಅಕ್ಷರ ತಿಳಿಯಾದರೆ ಹೆಚ್ಚಾಗಿ ಕನ್ನಡಕದ ವಿಷಯ, ಆಗದಿದ್ದರೆ ಪೊರೆಯೋ ಒಳಪರದೆಯೋ ನೋಡಬೇಕು. ಶುಗರ್ ಏರಿಳಿಯುತ್ತಿರುವಾಗ ಕಣ್ಣಿನ ನಂಬರೂ ಏರಿಳಿಯುತ್ತದೆ. ಅದು ಒಂದು ಮಟ್ಟಕ್ಕೆ ಬರುವವರೆಗೆ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ ಎಂದು ಹೇಳಿ. ಇನ್ನೊಂದು ಮಾತು: 6/6 ಬಂದಿತೆಂದು ರೆಟಿನಾ ಪರೀಕ್ಷೆ ಬಿಡಿಸಬೇಡಿ.

ಹಂತ 4: ಹನಿ

ರೆಟಿನಾ ನೋಡಲು ಪಾಪೆ ಅರಳಿಸುವ ಹನಿ ಬೇಕು, ವೈದ್ಯರು ಬರೆದ ಹನಿಯನ್ನೇ ಹಾಕಬೇಕು. ಹಾಕುವ ಮೊದಲು ನಾಲ್ಕು ಪ್ರಶ್ನೆ: ಗ್ಲಾಕೋಮಾ ಇದೆ ಎಂದು ಯಾರಾದರೂ ಹೇಳಿದ್ದಾರಾ? ಹೃದಯದ ತೊಂದರೆ, ಹೆಚ್ಚಿನ ಬಿಪಿ? ಯಾವುದಾದರೂ ಹನಿ ಒಗ್ಗಿಲ್ಲವಾ? ಇವತ್ತು ಏನು ಗಾಡಿಯಲ್ಲಿ ಬಂದಿರಿ? ಬಿಪಿ ಜಾಸ್ತಿಯಿದ್ದವರಿಗೆ ಫಿನೈಲೆಫ್ರಿನ್ ಬೆರೆತ ಹನಿ ಬೇಡ, ಬರೀ ಟ್ರೋಪಿಕಮೈಡ್ ಸಾಕು ಎಂದು ವೈದ್ಯರು ಹೇಳಬಹುದು. ಹಾಗಾಗಿ ಬಿಪಿಯ ಅಂಕಿ ಅವರ ಮುಂದಿರಲಿ.

ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ರೆಪ್ಪೆಗೂ ಕೂದಲಿಗೂ ತಾಕದಂತೆ ಒಂದು ಹನಿ. ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಒಳಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಿಸಿ. ಔಷಧಿ ಗಂಟಲಿಗೆ, ರಕ್ತಕ್ಕೆ ಇಳಿಯುವುದು ಇದರಿಂದ ಕಡಿಮೆಯಾಗುತ್ತದೆ. ಪಾಪೆ ಅರಳಲು 20ರಿಂದ 30 ನಿಮಿಷ ಬೇಕು.

ಆ ಅರ್ಧ ಗಂಟೆ ನಿಮ್ಮ ಕಣ್ಣು ಬೆಂಚಿನ ಮೇಲಿರಲಿ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ಬಸ್ಸು ತಪ್ಪೀತೆಂದು ತಿಂಡಿ ಬಿಟ್ಟು ಬಂದವರು ಅಲ್ಲಿ ಕೂತಿರುತ್ತಾರೆ. ಬೆವರು, ನಡುಕ, ತಡವರಿಸುವ ಮಾತು ಕಂಡರೆ ತಕ್ಷಣ ಗ್ಲುಕೋಮೀಟರ್. 70ಕ್ಕಿಂತ ಕಡಿಮೆಯಿದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ವೈದ್ಯರಿಗೆ ತಿಳಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ವೈದ್ಯರನ್ನು ಕೂಗಿ. "ತಿಂಡಿ ತಿಂದೇ ಬನ್ನಿ" ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದರೆ ಇದಿಷ್ಟೂ ತಪ್ಪುತ್ತದೆ.

ಹನಿಯ ಮಂಜು ನಾಲ್ಕೈದು ಗಂಟೆ ಇರುತ್ತದೆ. ಹೆದ್ದಾರಿಯಲ್ಲಿ ಬೈಕ್ ಹೊಡೆಯಬೇಡಿ, ಜೊತೆಗೊಬ್ಬರು ಬರಲಿ, ಕೊಡೆಯೋ ಟೋಪಿಯೋ ಇರಲಿ ಎಂದು ಹೇಳಿ. ಮನೆಗೆ ಹೋದ ಮೇಲೆ ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಕಣ್ಣಿನೊಳಗಿನ ಒತ್ತಡ ಏರಿರಬಹುದು, ರಾತ್ರಿಯಾದರೂ ಆಸ್ಪತ್ರೆಗೆ ಬರಬೇಕು.

ಫಂಡಸ್ ಕ್ಯಾಮೆರಾ ಇರುವ ಕಡೆ ಚಿತ್ರ ತೆಗೆಯುವುದನ್ನು ನರ್ಸ್ ಕಲಿಯಬಹುದು. ದಿನ ತುಂಬದೆ ಹುಟ್ಟಿದ ಶಿಶುಗಳ ಕಣ್ಣಿಗಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್ರಾಪ್ ಕಾರ್ಯಕ್ರಮದಲ್ಲಿ ತರಬೇತಾದ ತಂತ್ರಜ್ಞರೇ ಜಿಲ್ಲೆಗಳಿಗೆ ಹೋಗಿ ರೆಟಿನಾ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದ ನೋಡುತ್ತಾರೆ. ಹಸುಗೂಸಿನ ಕಣ್ಣಲ್ಲೇ ಆಗುವುದು ದೊಡ್ಡವರಲ್ಲಿ ಏಕಾಗಬಾರದು? ಬಲ, ಎಡ ಅದಲುಬದಲಾಗದಂತೆ ನೋಡಿಕೊಳ್ಳಿ. ಚಿತ್ರ ಮಸುಕಾಗಿದ್ದರೆ "ನಾರ್ಮಲ್" ಎಂದು ಬರೆಯಬೇಡಿ, "ಕಾಣಲಿಲ್ಲ, ಕಳಿಸಬೇಕು" ಎಂದು ಬರೆಯಿರಿ.

ಹಂತ 5: ಕಳಿಸುವುದು, ತಲುಪಿದರೇ ಎಂದು ನೋಡುವುದು

ಏನೂ ಇಲ್ಲವೆಂದರೆ ಒಂದು ವರ್ಷ. ಆರಂಭದ ಬದಲಾವಣೆ ಇದ್ದರೆ ವೈದ್ಯರು ಬರೆದ ಅವಧಿ. ತೀವ್ರ ಹಂತ, ಹೊಸ ನಾಳಗಳು, ಮ್ಯಾಕುಲಾದ ಊತ ಎಂದು ವರದಿಯಲ್ಲಿದ್ದರೆ ತಡಮಾಡದೆ ರೆಟಿನಾ ತಜ್ಞರ ಬಳಿಗೆ. ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದಂತಾದರೆ, ದೃಷ್ಟಿ ಕುಸಿದರೆ ಅದೇ ದಿನ.

ನಮ್ಮ ಕಡೆಯವರಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಹಾಸನದ ಹಿಮ್ಸ್. ಅದಕ್ಕೂ ಮುಂದಿನದು ಬೇಕಾದರೆ ಬೆಂಗಳೂರಿನ, 1896ರಷ್ಟು ಹಳೆಯ ಮಿಂಟೋ ಕಣ್ಣಾಸ್ಪತ್ರೆ. ಚನ್ನರಾಯಪಟ್ಟಣದಿಂದ ಬಸ್ಸೂ ಇದೆ, ರೈಲೂ ಇದೆ. ಚೀಟಿಯಲ್ಲಿ "ಕಣ್ಣಿನ ಪರೀಕ್ಷೆಗೆ" ಎಂದಷ್ಟೇ ಗೀಚಬೇಡಿ. ಎರಡೂ ಕಣ್ಣಿನ ದೃಷ್ಟಿ, ಎಚ್‌ಬಿಎ1ಸಿ, ಬಿಪಿ, ಕ್ರಿಯಾಟಿನಿನ್, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಎಷ್ಟು ಬೇಗ ನೋಡಬೇಕು ಎಲ್ಲವೂ ಇರಲಿ. ಆಧಾರ್, ಬಿಪಿಎಲ್ ಕಾರ್ಡ್, ಹಳೆಯ ಚೀಟಿಗಳನ್ನು ಒಂದೇ ಕವರಿನಲ್ಲಿ ಹಾಕಿಸಿ. ಹೊರಗೂ ಒಳಗೂ ಓಡಾಡುವ ಮಗ, ಸೊಸೆ ಅಥವಾ ಮಗಳ ನಂಬರು ಬರೆದುಕೊಂಡು, ಹೇಳಿದ ದಿನ ಕಳೆದ ಮೇಲೆ ಫೋನ್ ಮಾಡಿ. ಹೋಗಿಲ್ಲವೆಂದರೆ ಬೈಯಬೇಡಿ. ಏನು ಅಡ್ಡ ಬಂತು ಎಂದು ಕೇಳಿ: ದುಡ್ಡೋ, ಜೊತೆಗೆ ಜನವೋ, ಕೊಬ್ಬರಿ ಸುಲಿಯುವ ಕೆಲಸವೋ, ಭಯವೋ. ಒಂದೊಂದಕ್ಕೂ ಪರಿಹಾರ ಬೇರೆ.

ಹಂತ 6: ಲೇಸರ್, ಇಂಜೆಕ್ಷನ್

ತಜ್ಞರ ಬಳಿಗೆ ಕಳಿಸಿದವರಲ್ಲಿ ಕೆಲವರಿಗೆ ಲೇಸರ್ ಅಥವಾ ಕಣ್ಣಿಗೆ ಇಂಜೆಕ್ಷನ್ ಬೇಕಾಗುತ್ತದೆ. ಬ್ರಿಟನ್ನಿನಲ್ಲಿ ತರಬೇತಿ ಪಡೆದ ನರ್ಸ್‌ಗಳು ಈ ಇಂಜೆಕ್ಷನ್ನನ್ನೂ ಕೊಡುತ್ತಾರೆ. ಇಲ್ಲಿ ಅದು ವೈದ್ಯರ ಕೆಲಸ. ಆದರೆ ಹೆಸರು ಸರಿಯೇ, ಯಾವ ಕಣ್ಣು, ಗುರುತು ಹಾಕಿದೆಯೇ, ಕಣ್ಣಲ್ಲಿ ಪಿಸುರು, ಕೆಂಪು ಇದೆಯೇ, ಅಯೋಡಿನ್ ಒಗ್ಗುತ್ತದೆಯೇ, ಇತ್ತೀಚೆಗೆ ಹೃದಯಾಘಾತ ಅಥವಾ ಲಕ್ವ ಆಗಿತ್ತೇ ಎಂದು ಕೇಳಿ ತಿಳಿಸುವುದು ನಿಮ್ಮ ಹೊಣೆ. ಪೊವಿಡೋನ್ ಅಯೋಡಿನ್ ಹನಿ ಸೋಂಕು ತಡೆಯುವ ಮುಖ್ಯ ಕಾವಲು, ವೈದ್ಯರು ಹೇಳದೆ ಅದನ್ನು ಬಿಡುವಂತಿಲ್ಲ. ಇಂಜೆಕ್ಷನ್ ಆದ ಮೊದಲ ವಾರ ನೋವು, ಕೆಂಪು ಹೆಚ್ಚುತ್ತಾ ಹೋಗಿ ದೃಷ್ಟಿ ಇಳಿದರೆ ಅದೇ ದಿನ ಬರಬೇಕು ಎಂಬುದನ್ನು ರೋಗಿಯ ಬಾಯಲ್ಲೇ ತಿರುಗಿ ಹೇಳಿಸಿ.

ಎರಡು ಸತ್ಯ ರೋಗಿಗೆ ಮೊದಲೇ ಗೊತ್ತಿರಲಿ. ಇಂಜೆಕ್ಷನ್ ಒಂದಕ್ಕೆ ಮುಗಿಯುವುದಿಲ್ಲ, ಶುರುವಿನಲ್ಲಿ ತಿಂಗಳು ತಿಂಗಳು ಬೇಕಾಗುತ್ತದೆ. ಲೇಸರ್ ಮಾಡಿಸುವುದು ಮುಖ್ಯವಾಗಿ ಉಳಿದ ದೃಷ್ಟಿಯನ್ನು ಕಾಪಾಡಲು, ಹೋದದ್ದನ್ನು ತರಲು ಅಲ್ಲ. ಇದನ್ನು ಹೇಳದಿದ್ದರೆ "ದುಡ್ಡು ಹೋಯ್ತು, ಕಣ್ಣು ಬರಲಿಲ್ಲ" ಎಂಬ ಮಾತು ಊರೆಲ್ಲ ಹರಡಿ, ಇನ್ನೂ ಕೆಲವರು ಮನೆಯಲ್ಲೇ ಉಳಿಯುತ್ತಾರೆ.

ಹಂತ 7: ಶುಗರ್, ಬಿಪಿ

1993ರಲ್ಲಿ ಪ್ರಕಟವಾದ ಅಮೆರಿಕ, ಕೆನಡಾದ ಡಿಸಿಸಿಟಿ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟ ಟೈಪ್ 1 ರೋಗಿಗಳಲ್ಲಿ ರೆಟಿನೋಪತಿ ಹೊಸದಾಗಿ ಬರುವುದು ಶೇ. 76ರಷ್ಟು ಕಡಿಮೆಯಾಗಿತ್ತು. ಬಿಪಿಗೂ ಇದೇ ಗಮನ ಕೊಡಿ. ತುಂಬಾ ಏರಿದ್ದ ಶುಗರನ್ನು ಒಮ್ಮೆಲೇ ಇಳಿಸಿದಾಗ ಮೊದಲೇ ಇದ್ದ ರೆಟಿನೋಪತಿ ತಾತ್ಕಾಲಿಕವಾಗಿ ಹೆಚ್ಚಬಹುದು, ಆದ್ದರಿಂದ ಇನ್ಸುಲಿನ್ ಶುರುವಾಗುವವರ ಕಣ್ಣು ಮೊದಲೇ ನೋಡಿಸಿ. ಊಟದ ಮಾತು ಬಂದಾಗ ಮುದ್ದೆಯ ಬಗ್ಗೆ ಬಿಡಿಸಿ ಹೇಳಿ: ರಾಗಿ ಒಳ್ಳೆಯದೇ, ಆದರೆ ಅದರಲ್ಲೂ ಪಿಷ್ಟ ಇದೆ. "ಶುಗರ್‌ಗೆ ಒಳ್ಳೇದು" ಎಂದು ಎರಡು ದಪ್ಪ ಮುದ್ದೆ ಉಂಡರೆ ಶುಗರ್ ಏರಿಯೇ ಏರುತ್ತದೆ. ಮುದ್ದೆ ಸಣ್ಣದಾಗಲಿ, ಸೊಪ್ಪು ಕಾಳು ಹೆಚ್ಚಲಿ.

ಹಂತ 8: ಆಗಲೇ ದೃಷ್ಟಿ ಕಳೆದುಕೊಂಡವರು

ಇವರ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕಬೇಡಿ. ಇನ್ಸುಲಿನ್ ಅಳತೆ ಕಾಣದವರಿಗೆ ಸಿರಿಂಜ್ ತುಂಬುವುದನ್ನು ಮನೆಯವರಿಗೆ ಕಲಿಸಿ, ಅಥವಾ ಕ್ಲಿಕ್ ಎಣಿಸುವ ಪೆನ್ ಆದೀತೇ ಎಂದು ವೈದ್ಯರನ್ನು ಕೇಳಿ. ಕಾಲಿನ ಗಾಯ ಅವರಿಗೆ ಕಾಣದು, ಪ್ರತಿ ಭೇಟಿಯಲ್ಲೂ ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡಿ. ಅಂಗವಿಕಲರ ಗುರುತಿನ ಚೀಟಿಗೆ ಎಲ್ಲಿ ಅರ್ಜಿ ಹಾಕಬೇಕೆಂದು ತಿಳಿಸಿ, ಸಾಧ್ಯವಾದರೆ ಅರ್ಜಿ ತುಂಬಿಸಿಕೊಡಿ. ಒಂದು ಕಣ್ಣು ಹೋದವರಾದರೆ, ಇನ್ನೊಂದು ಕಣ್ಣಿನ ಮುಂದಿನ ಪರೀಕ್ಷೆಯ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದು, ಮೊದಲ ಫೋನ್ ಅವರ ಮನೆಗೇ ಮಾಡಿ.