ವಿಮಾ ಸಂಸ್ಥೆಯ ಲೆಕ್ಕಪತ್ರಗಳು

ಕಿರಾಣಿ ವ್ಯಾಪಾರಿಯು ಸರಕನ್ನು ಮೊದಲು ಕೊಂಡು ಅನಂತರ ಮಾರುತ್ತಾನೆ. ಆದುದರಿಂದ ಮಾರುವಾಗ ಅಸಲು ಎಷ್ಟೆಂಬುದು ಅವನಿಗೆ ತಿಳಿದಿರುತ್ತದೆ. ವಿಮಾ ಸಂಸ್ಥೆಯ ಸ್ಥಿತಿ ಇದಕ್ಕೆ ವಿಪರೀತ. ಬೆಲೆಯು ಮೊದಲೇ ಕೈಸೇರುತ್ತದೆ; ಅಸಲು ತಿಳಿಯುವುದು ತಿಂಗಳುಗಳ, ಜೀವವಿಮೆಯಲ್ಲಾದರೆ ದಶಕಗಳ ತರುವಾಯ. ಪೆಟ್ಟಿಗೆ ತುಂಬಿರುವ ಮಾತ್ರಕ್ಕೆ ಸಂಸ್ಥೆ ಸುಸ್ಥಿತಿಯಲ್ಲಿದೆಯೆಂದು ಹೇಳಲಾಗದು. ಇತರ ಕಂಪನಿಗಳಿಂದ ಕೇಳದ ವಿವರಗಳನ್ನು ಕಾನೂನು ವಿಮಾ ಸಂಸ್ಥೆಗಳಿಂದ ಕೇಳುವುದು ಈ ಕಾರಣದಿಂದಲೇ.

ಆರೋಗ್ಯ ವಿಮೆಯನ್ನೇ ನೋಡೋಣ. ಗೃಹಸ್ಥನೊಬ್ಬನು ಅಕ್ಟೋಬರ್ 1ರಂದು 12,000 ರೂ. ಕಂತು ತೆತ್ತು ಒಂದು ವರ್ಷದ ಪಾಲಿಸಿಯನ್ನು ಪಡೆದನೆನ್ನಿರಿ. ಮಾರ್ಚ್ 31ರಂದು ಸಂಸ್ಥೆಯು ಲೆಕ್ಕ ಮುಗಿಸುವಾಗ ಅರ್ಧ ವರ್ಷವಷ್ಟೇ ಕಳೆದಿರುತ್ತದೆ. ಆದುದರಿಂದ ಸುಮಾರು 6,000 ರೂ. ಮಾತ್ರ ಆ ವರ್ಷದ ಗಳಿಕೆ. ಉಳಿದುದನ್ನು ಮುಂದಿನ ಆರು ತಿಂಗಳ ಗಂಡಾಂತರಕ್ಕೆಂದು ಮೀಸಲಿಡಬೇಕು. ಇಷ್ಟು ಸುಲಭ. ಕಠಿನವಾದುದು ಬೇರೆ. ಮಾರ್ಚಿಯ ಕೊನೆಯ ವಾರ ಆಸ್ಪತ್ರೆ ಸೇರಿದ ರೋಗಿಯ ಬಿಲ್ಲು ಮೇ ತಿಂಗಳಲ್ಲಿ ಬಂದೀತು. ವೆಚ್ಚವು ಆಗಿಹೋಗಿದೆ, ಸುದ್ದಿ ಮಾತ್ರ ಬಂದಿಲ್ಲ. ಇಂಥ ಹೊಣೆಯನ್ನು ವಿಮಾಗಣಿತಜ್ಞನು, ಅಂದರೆ ಆಕ್ಚುಯರಿಯು, ಹಿಂದಿನ ಅನುಭವದಿಂದ ಅಂದಾಜು ಮಾಡಿ ಲೆಕ್ಕಕ್ಕೆ ಸೇರಿಸಬೇಕು. ಅಂದಾಜನ್ನು ತುಸು ತಗ್ಗಿಸಿದರೆ ಸಾಕು, ನಷ್ಟದ ವರ್ಷವೂ ಲಾಭದ ವರ್ಷವಾಗಿ ತೋರೀತು! ವರದಿಯನ್ನು ಓದುವವನು ಲಾಭದ ಅಂಕಿಗಿಂತ ಮೊದಲು ಈ ಮೀಸಲನ್ನು ನೋಡತಕ್ಕದ್ದು.

ಹೊಣೆಯನ್ನು ಮರೆಮಾಚಬಹುದಾದಂತೆ, ಇಲ್ಲದ ಆಸ್ತಿಯನ್ನು ಇದೆಯೆಂದೂ ತೋರಿಸಬಹುದು. ವಾರ್ಷಿಕ ಲೆಕ್ಕಪತ್ರ, ಲೆಕ್ಕಪರಿಶೋಧನೆ, ನಿಯತಕಾಲಕ್ಕೊಮ್ಮೆ ಜೀವವಿಮೆಯ ಹೊಣೆಗಳ ಮೌಲ್ಯಮಾಪನ, ಇವೆಲ್ಲವನ್ನೂ 1938ರ ವಿಮಾ ಅಧಿನಿಯಮವು ವಿಧಿಸಿತ್ತು. ಆದರೂ 1954-55ರಲ್ಲಿ ಭಾರತ್ ಇನ್ಷೂರೆನ್ಸ್ ಕಂಪನಿಯ ಎರಡು ಕೋಟಿ ರೂಪಾಯಿಗೂ ಮಿಕ್ಕ ಹಣವು ಷೇರು ಸಟ್ಟಾ ವ್ಯವಹಾರದ ನಷ್ಟಕ್ಕೆ ಹರಿದುಹೋಯಿತು. ಪುಸ್ತಕಗಳಲ್ಲಿ ಸಾಲಪತ್ರಗಳನ್ನು ಕೊಂಡಂತೆ ಸುಳ್ಳು ನಮೂದುಗಳಿದ್ದವು. ಫಿರೋಜ್ ಗಾಂಧಿಯವರು 1955ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಇದನ್ನು ಬಯಲಿಗೆಳೆದರು. ಕಂಪನಿಯ ಅಧ್ಯಕ್ಷರಾಗಿದ್ದ ರಾಮಕೃಷ್ಣ ದಾಲ್ಮಿಯಾ ಅವರಿಗೆ ವಿಧಿಸಲಾದ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಎತ್ತಿಹಿಡಿಯಿತು. ಅಷ್ಟರಲ್ಲಿ, 1956ರಲ್ಲಿಯೇ, ಜೀವವಿಮೆಯು ರಾಷ್ಟ್ರೀಕರಣಗೊಂಡಿತ್ತು. ಹೂಡಿಕೆಯ ಪತ್ರಗಳನ್ನು ಲೆಕ್ಕಪರಿಶೋಧಕರು ಕಣ್ಣಾರೆ ಕಂಡು, ಇಲ್ಲವೆ ಅವು ಯಾರ ವಶದಲ್ಲಿವೆಯೋ ಅವರ ಪ್ರಮಾಣಪತ್ರವನ್ನು ಪಡೆದು ದೃಢೀಕರಿಸಬೇಕೆಂಬ ನಿಯಮದ ತೂಕವು ಇಂಥ ಪ್ರಕರಣದಿಂದಲೇ ಮನವರಿಕೆಯಾಗುತ್ತದೆ.

1999ರ ಕಾನೂನಿನ ಅನಂತರ ಖಾಸಗಿ ಕಂಪನಿಗಳು ಮರಳಿ ಬಂದವು; ಮೇಲ್ವಿಚಾರಣೆಯು ವಿಮಾ ನಿಯಂತ್ರಣ ಪ್ರಾಧಿಕಾರದ ಪಾಲಿಗೆ ಬಂದಿತು. ಆಸ್ತಿಯು ಹೊಣೆಗೆ ಸರಿಸಮನಾಗಿದ್ದರೆ ಸಾಲದು. ಹೊಣೆ ಕಳೆದು ಉಳಿಯುವ ಹೆಚ್ಚುವರಿಯು ನಿಗದಿತ ಮೊತ್ತದ ಒಂದೂವರೆ ಪಟ್ಟಾದರೂ ಇರಬೇಕು. ಮೂರು ತಿಂಗಳಿಗೊಮ್ಮೆ ಈ ಅಂಕಿಗಳು ಸಾರ್ವಜನಿಕರಿಗೆ ಪ್ರಕಟವಾಗುತ್ತವೆ. ಅವುಗಳಲ್ಲಿ ಪಾಲಿಸಿದಾರನಿಗೆ ಹೆಚ್ಚು ಉಪಯುಕ್ತವಾದುದು ಪರಿಹಾರದ ಅನುಪಾತ. ಗಳಿಸಿದ ನೂರು ರೂಪಾಯಿ ಕಂತಿನಲ್ಲಿ ರೋಗಿಗಳಿಗಾಗಿ ವೆಚ್ಚವಾದುದು ನಲವತ್ತೇ ಆಗಿದ್ದರೆ, ಉಳಿದ ಅರವತ್ತು ಎತ್ತ ಹೋಯಿತೆಂದು ಕೇಳುವುದು ನ್ಯಾಯ. ನೂರಹತ್ತು ಆಗಿದ್ದರೆ, ಮುಂದಿನ ವರ್ಷ ಕಂತು ಏರುವುದನ್ನು ನಿರೀಕ್ಷಿಸಬೇಕು.