ಮಕ್ಕಳ ತಪ್ಪನ್ನು ವಿಚಾರಿಸುವ ನ್ಯಾಯಾಧೀಶರಿಗೂ ತರಬೇತಿ ಬೇಕು



ಸಂಘದ ಲೆಕ್ಕ ಬರೆಯುವವರಿಗೆ ನಾವು ಮೊದಲು ತರಬೇತಿ ಕೊಡುತ್ತೇವೆ. ಕಲಿಯದವರ ಕೈಗೆ ಪುಸ್ತಕ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಹಾಗಿರುವಾಗ ಒಂದು ಮಗುವಿನ ಮುಂದಿನ ದಾರಿಯನ್ನು ತೀರ್ಮಾನಿಸುವವರಿಗೆ ತರಬೇತಿ ಬೇಡವೇ? ಬೇಕೇ ಬೇಕು ಅಂತ ಕಾನೂನೇ ಹೇಳಿದೆ.

ವಿಚಾರಣೆ ಮಾಡುವವರು ಯಾರು?

18 ವರ್ಷ ತುಂಬದ ಮಗು ತಪ್ಪು ಮಾಡಿದರೆ ಅದನ್ನು ದೊಡ್ಡವರ ಕೋರ್ಟಿಗೆ ಒಯ್ಯುವಂತಿಲ್ಲ. ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಂಡಳಿಯಲ್ಲಿ ಮೂವರು ಇರುತ್ತಾರೆ. ಒಬ್ಬರು ಕನಿಷ್ಠ 3 ವರ್ಷ ಅನುಭವವಿರುವ ಮ್ಯಾಜಿಸ್ಟ್ರೇಟರು. ಉಳಿದಿಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಈ ಇಬ್ಬರು ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ ಕನಿಷ್ಠ 7 ವರ್ಷ ದುಡಿದಿರಬೇಕು. ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿ ಪಡೆದು ವೃತ್ತಿ ಮಾಡುತ್ತಿರಬೇಕು.

ಯಾವ ತರಬೇತಿ?

ನೇಮಕವಾದ 60 ದಿನಗಳೊಳಗೆ ಮೂವರಿಗೂ ತರಬೇತಿ ಸಿಗುವಂತೆ ರಾಜ್ಯ ಸರ್ಕಾರ ನೋಡಿಕೊಳ್ಳಬೇಕು. ಮ್ಯಾಜಿಸ್ಟ್ರೇಟರಿಗೂ ಇದರಿಂದ ವಿನಾಯಿತಿ ಇಲ್ಲ. ಮಕ್ಕಳ ಪಾಲನೆ, ರಕ್ಷಣೆ, ಪುನರ್ವಸತಿ, ಕಾನೂನು, ಮಕ್ಕಳಿಗೆ ನ್ಯಾಯ – ಇವೇ ಪಾಠಗಳು. 2000ದ ಹಳೆಯ ಕಾಯ್ದೆಯಲ್ಲೂ ಮ್ಯಾಜಿಸ್ಟ್ರೇಟರಿಗೆ ಮಕ್ಕಳ ಮನಶ್ಶಾಸ್ತ್ರ ಅಥವಾ ಮಕ್ಕಳ ಕಲ್ಯಾಣದಲ್ಲಿ ವಿಶೇಷ ಜ್ಞಾನ ಇಲ್ಲವೇ ತರಬೇತಿ ಇರಬೇಕೆಂಬ ನಿಯಮವಿತ್ತು.

ಇದರ ಅಗತ್ಯವೇನು? ಒಂದು ಉದಾಹರಣೆ ನೋಡೋಣ. 14 ವರ್ಷದ ಹುಡುಗ ದಾರಿ ಬದಿ ನಿಲ್ಲಿಸಿದ್ದ ಸೈಕಲ್ ಕದ್ದ ಎನ್ನೋಣ. ಹೆದರಿದ ಮಗು ಕೇಳಿದ್ದಕ್ಕೆಲ್ಲ ‘ಹೌದು’ ಅನ್ನುತ್ತದೆ, ಇಲ್ಲವೇ ಬಾಯಿಯೇ ಬಿಡುವುದಿಲ್ಲ. ಕಲಿತವರು ಗದರಿಸುವುದಿಲ್ಲ. ಶಾಲೆ ಯಾಕೆ ಬಿಟ್ಟ, ಮನೆಯಲ್ಲಿ ಕುಡಿತ ಇದೆಯೇ, ದೊಡ್ಡವರು ಯಾರಾದರೂ ಕದಿಯಲು ಕಳುಹಿಸಿದರೇ ಅಂತ ವಿಚಾರಿಸುತ್ತಾರೆ. ಪರಿವೀಕ್ಷಣಾಧಿಕಾರಿ ಮನೆಯ ಪರಿಸ್ಥಿತಿ ತಿಳಿದು ಎರಡು ವಾರದೊಳಗೆ ವರದಿ ಕೊಡಬೇಕು. ಆ ವರದಿಯನ್ನು ಅರ್ಥ ಮಾಡಿಕೊಳ್ಳಲೂ ತರಬೇತಿ ಬೇಕಲ್ಲವೇ?

ಸಣ್ಣ ಅಪರಾಧವಾದರೆ

ಗರಿಷ್ಠ 3 ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳನ್ನು ಕಾಯ್ದೆ ಸಣ್ಣ ಅಪರಾಧ ಎನ್ನುತ್ತದೆ. ಇವನ್ನು ಸರಳ ವಿಚಾರಣೆಯಲ್ಲಿ ಬೇಗ ಮುಗಿಸಬೇಕು. 4 ತಿಂಗಳು, ತಪ್ಪಿದರೆ ಇನ್ನೂ 2 ತಿಂಗಳು. ಅಷ್ಟರಲ್ಲೂ ಮುಗಿಯದಿದ್ದರೆ ಕೇಸು ಅಲ್ಲಿಗೇ ನಿಂತುಹೋಗುತ್ತದೆ. ಬುದ್ಧಿ ಹೇಳಿ ಮನೆಗೆ ಕಳುಹಿಸುವುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ – ಇಂಥ ಆದೇಶಗಳನ್ನು ಮಂಡಳಿ ಕೊಡಬಹುದು.

ತಾಯಂದಿರು ನೆನಪಿಡಬೇಕಾದದ್ದು

1. ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು.
2. ತಂದೆತಾಯಿಗೆ ಸುದ್ದಿ ಮುಟ್ಟಿಸಬೇಕು.
3. ಮಗುವಿನ ಹೆಸರು, ಫೋಟೋ ಪತ್ರಿಕೆಯಲ್ಲಿ ಬರಕೂಡದು. ನಾವೂ ಊರೆಲ್ಲ ಹೇಳಿಕೊಂಡು ತಿರುಗಬಾರದು.
4. ‘ಕೇಸು ಮುಚ್ಚಿಸ್ತೀನಿ’ ಅಂತ ದುಡ್ಡು ಕೇಳುವವರನ್ನು ನಂಬಿ ಸಾಲ ಮಾಡಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಕ್ಕಳಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100. ಮಕ್ಕಳ ಸಹಾಯವಾಣಿ 1098.

ಒಮ್ಮೆ ‘ಕಳ್ಳ’ ಅನ್ನಿಸಿಕೊಂಡ ಮಗುವಿಗೆ ಆ ಹೆಸರು ಅಳಿಸಿಕೊಳ್ಳುವುದು ಕಷ್ಟ. ಮಂಡಳಿಯವರು ತರಬೇತಿಯಲ್ಲಿ ಕಲಿಯುವ ತಾಳ್ಮೆಯನ್ನು ನಾವು ನಮ್ಮ ಓಣಿಯಲ್ಲೂ ಕಲಿಯೋಣ.

ವಾರದ ಸಭೆಯಲ್ಲಿ ಚರ್ಚಿಸಿರಿ

* ನಮ್ಮ ಜಿಲ್ಲೆಯ ಬಾಲನ್ಯಾಯ ಮಂಡಳಿ ಎಲ್ಲಿದೆ? ಯಾರು ಹೋಗಿ ವಿಚಾರಿಸಿಕೊಂಡು ಬರುತ್ತೀರಿ?
* ಶಾಲೆ ಬಿಟ್ಟ ಮಕ್ಕಳು ನಮ್ಮ ಊರಿನಲ್ಲಿ ಎಷ್ಟು ಮಂದಿ? ಅವರಿಗಾಗಿ ಸಂಘ ಏನು ಮಾಡಬಹುದು?
* ಮಕ್ಕಳ ಕೆಲಸದಲ್ಲಿ 7 ವರ್ಷ ಅನುಭವವಿರುವ ಮಹಿಳೆ ನಮ್ಮಲ್ಲಿ ಇದ್ದಾರೆಯೇ? ಮಂಡಳಿಯ ಸದಸ್ಯತ್ವಕ್ಕೆ ಅರ್ಜಿ ಕರೆದಾಗ ಅವರು ಯಾಕೆ ಹಾಕಬಾರದು?